ತಟ್ಟೆಗಡುಬಿನ ಅಂಚು

ಸಾರು ಕುದಿ ಬಂದಿತ್ತು. ಉರಿ ಸಣ್ಣ ಮಾಡಿ, ಸೌಟಿನಿಂದ ಒಂದಿಷ್ಟು ಬಟ್ಟಲಿಗೆ ಹಾಕಿಕೊಂಡು, ಪಡಸಾಲೆಯಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ ನಮ್ಮ ಮನೆಯವರ ಮುಂದೆ ಹಿಡಿದೆ. ಅವರು ಒಂದು ಕೈಯಲ್ಲಿ ಲೇಸು ಹಿಡಿದುಕೊಂಡೇ ಇನ್ನೊಂದರಲ್ಲಿ ಬಟ್ಟಲು ತೆಗೆದುಕೊಂಡು, ಊದಿ, ಕುಡಿದು, ‘ನಡೀತೈತಿ’ ಅಂದರು. ನಾನು ಒಳಗೆ ಹೋಗಿ ಒಲೆ ಆರಿಸಿದೆ.

ಇಪ್ಪತ್ತಮೂರು ವರ್ಷಗಳಿಂದ ನಮ್ಮ ಮನೆಯ ಅಡುಗೆ ಮುಗಿಯುವುದು ಹೀಗೆಯೇ. ನಮ್ಮ ಊರಿನಲ್ಲಿ ಅಡುಗೆ ಮಾಡಿದವರಿಗೆ ತಾವು ಮಾಡಿದ್ದರ ರುಚಿ ತಿಳಿಯುವುದಿಲ್ಲ. ಬಿಸಿ ತಿಳಿಯುತ್ತದೆ, ಬೆಂದಿದೆಯೋ ಇಲ್ಲವೋ ಹಲ್ಲಿಗೆ ತಿಳಿಯುತ್ತದೆ, ಖಾರ ಮಿತಿಮೀರಿದರೆ ಕಣ್ಣಲ್ಲಿ ನೀರು ಬರುತ್ತದೆ. ನಾಲಿಗೆಗೆ ಮಾತ್ರ ಏನೂ ಇಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ಉಪ್ಪು ನೋಡುವವರು ಅಂತ ಒಬ್ಬರಿರುತ್ತಾರೆ. ಅವರು ‘ಬೇಕು’ ಅಂದರೆ ಹಾಕುತ್ತೇವೆ, ‘ಸಾಕು’ ಅಂದರೆ ಕೈ ಹಿಂದೆ ತೆಗೆಯುತ್ತೇವೆ. ಹೆಣ್ಣು ಕೊಡುವಾಗ ನಮ್ಮ ಕಡೆಯವರು ಹುಡುಗನ ಸಂಬಳಕ್ಕಿಂತ ಮೊದಲು ಕೇಳುವುದು, ನಿಮ್ಮಲ್ಲಿ ಉಪ್ಪು ನೋಡುವವರು ಯಾರು ಅಂತ.

ನನಗೆ ಮೊದಲು ನೋಡುತ್ತಿದ್ದವರು ಅತ್ತೆ. ‘ಹುಳಿ ಸಾಲದು’, ‘ಇಂಗು ಎಲ್ಲಿ ಹೋತು?’, ‘ಇದನ್ನ ಎಮ್ಮಿಗೆ ಹಾಕು’ ಅನ್ನುತ್ತಿದ್ದರು. ಬೈಗುಳವಾದರೂ ಅದರಲ್ಲಿ ಸುದ್ದಿ ಇರುತ್ತಿತ್ತು. ಅವರು ಎರಡೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಇವರು. ಬಸ್‌ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಯಾವ ಊರಿನ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದು ಇವರ ಕೆಲಸ. ದೂರದ ಊರಾಗಲಿ ಹತ್ತಿರದ್ದಾಗಲಿ ಒಂದೇ ದನಿ. ಮನೆಯಲ್ಲೂ ಹಾಗೇ. ಎಣ್ಣೆಗಾಯಿ ಮಾಡಿದರೂ ನಡೀತೈತಿ, ಗಂಜಿ ಮಾಡಿದರೂ ನಡೀತೈತಿ. ಕೆಟ್ಟವರಲ್ಲ. ಒಂದು ದಿನವೂ ತಟ್ಟೆ ದೂಡಿದವರಲ್ಲ. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಬೇರೆ ಬಾಯಿ ಇರಲಿಲ್ಲ. ಬಂದುಹೋಗುವವರು ಎಲ್ಲರ ಮನೆಯಲ್ಲೂ ‘ಛಲೋ ಆಗೇತಿ’ ಅನ್ನುತ್ತಾರೆ, ಅದನ್ನು ನಂಬುವ ರೂಢಿ ನಮ್ಮಲ್ಲಿಲ್ಲ. ನನ್ನ ಅಡುಗೆ ನಡೆಯುವಂಥದ್ದು, ಅಷ್ಟೇ ಎಂದು ನಾನು ಎಂದೋ ಒಪ್ಪಿಕೊಂಡಿದ್ದೆ. ಮನೆಯಲ್ಲಿ ಉಪ್ಪು ನೋಡುವವರು ಇರುವಾಗ ಮಾಡಿದ್ದನ್ನು ಇನ್ನೊಬ್ಬರ ಬಾಯಿಗೆ ಹಿಡಿಯುವ ಹಾಗೂ ಇಲ್ಲ. ಗಂಡನ ನಾಲಿಗೆ ಸತ್ತಿದೆ ಎಂದು ಓಣಿಯಲ್ಲಿ ಡಂಗುರ ಹೊಡೆದ ಹಾಗೆ ಅದು.

ಹೀಗಾಗಿ ನಮ್ಮ ಊರಿನ ಹೆಂಗಸರು ಮದುವೆ ಊಟಕ್ಕೆ ಕೂತರೆ ಬೇಗ ಏಳುವುದಿಲ್ಲ. ಬೇರೆ ಊರಿನಿಂದ ಬಂದ ಬೀಗರು ನೋಡಿ ನಗುತ್ತಾರೆ. ನಗಲಿ. ಮೂರನೆಯ ಸಲ ಹಾಕಿಸಿಕೊಳ್ಳುವಾಗ ಯಾರೂ ತಲೆ ತಗ್ಗಿಸುವುದಿಲ್ಲ.

ಸಿದ್ದಕ್ಕನ ಖಾನಾವಳಿಗೆ ನಾನು ಹೋದದ್ದು ಆಕಸ್ಮಿಕ. ದರ್ಜಿ ಓಣಿಯಲ್ಲಿ ಕುಪ್ಪಸ ಹೊಲಿಯಲು ಕೊಟ್ಟಿದ್ದೆ. ಇನ್ನೂ ಗುಂಡಿ ಹಚ್ಚಿಲ್ಲ, ಅರ್ಧ ತಾಸು ಬಿಟ್ಟು ಬರ್ರಿ ಎಂದ ದರ್ಜಿ. ಬಿಸಿಲಿತ್ತು. ತಿರುವಿನಲ್ಲಿ ತೆರೆದ ಬಾಗಿಲು, ಒಳಗೆ ಎರಡು ಸಾಲು ಬೆಂಚು, ತುಂಬ ಹೆಂಗಸರು. ಮೂರು ಗಂಟೆಯ ಹೊತ್ತು. ಗಂಡಸರೆಲ್ಲ ಉಂಡು ಹೋದ ಮೇಲೆ, ಮನೆಮಂದಿಗೆ ಬಡಿಸಿ ಮುಗಿಸಿದ ಹೆಂಗಸರು ಇಲ್ಲಿಗೆ ಬರುತ್ತಾರೆ ಎಂದು ಕೇಳಿದ್ದೆ. ನಾನು ಬಂದಿರಲಿಲ್ಲ. ಮನೆಯಲ್ಲಿ ಅನ್ನ ಇರುವಾಗ ಖಾನಾವಳಿ ಯಾಕೆ ಎಂದುಕೊಂಡಿದ್ದೆ.

ಬಡಿಸುತ್ತಿದ್ದವಳು ಎತ್ತರದ, ಒಣಗಿದ ಮೈಯ ಹೆಂಗಸು, ಕಾಶೀಬಾಯಿ. ನನ್ನನ್ನು ಬಾಗಿಲಲ್ಲೇ ನೋಡಿ, ‘ಬಾ ಯವ್ವಾ, ಕುಂದ್ರು. ಮಾರಿ ನೋಡಿದ್ರ ಹತ್ತು ವರ್ಷದಿಂದ ಉಂಡಂಗಿಲ್ಲ’ ಅಂದಳು.

‘ಇಪ್ಪತ್ತಮೂರು’ ಅಂದೆ.

ಬೆಂಚಿನವರೆಲ್ಲ ನಕ್ಕರು. ಪಕ್ಕದಲ್ಲಿದ್ದ ಹೂವಿನ ಅಂಗಡಿಯ ದ್ರಾಕ್ಷಾಯಣಿ ಸರಿದು ಜಾಗ ಕೊಟ್ಟಳು. ‘ಊಟ ಬ್ಯಾಡ, ಕಾಶೀ. ತಟ್ಟೆಗಡುಬು ಹಾಕು. ಮೊದಲನೇ ಸಲ ಬಂದಾರ.’

ತಟ್ಟೆಗಡುಬು ಎಂದರೆ ಬೇರೆ ಕಡೆಯ ಕಡುಬಿನ ಹಾಗಲ್ಲ. ತುಪ್ಪ ಸವರಿದ ಹಿತ್ತಾಳೆಯ ತಟ್ಟೆಗೆ ಹಿಟ್ಟಿನ ಹಾಳೆ ಹಾಸಿ, ಮೇಲೆ ಸಿಹಿಗುಂಬಳದ ಹೂರಣ ತುಂಬಿ, ಇನ್ನೊಂದು ಹಾಳೆ ಮುಚ್ಚಿ, ಸುತ್ತ ಅಂಚನ್ನು ಬೆರಳಿನಿಂದ ಮಡಿಸುತ್ತ ಹೋಗಬೇಕು. ಅದನ್ನು ಕೆಂಡದ ಮೇಲಿಟ್ಟು, ಕಬ್ಬಿಣದ ಮುಚ್ಚಳ ಹಾಕಿ, ಮುಚ್ಚಳದ ಮೇಲೂ ಕೆಂಡ ಸುರಿಯಬೇಕು. ಬೆಂದ ಮೇಲೆ ಚಾಕುವಿನಲ್ಲಿ ಎಂಟು ತುಂಡು. ಅಡುಗೆಮನೆಯಲ್ಲಿ ಕೂತು ಅದನ್ನು ಮಾಡುವವಳು ಸಿದ್ದಕ್ಕ. ನಾನು ಆ ದಿನ ಅವಳ ಬೆನ್ನು ಮಾತ್ರ ನೋಡಿದೆ.

ನನ್ನ ಪಾಲಿನ ತುಂಡು ಬಂತು. ಮೊದಲು ಅಂಚು ಮುರಿದು ಬಾಯಿಗಿಟ್ಟೆ. ತುಪ್ಪ, ಸುಟ್ಟ ಗೋದಿ, ಎಲ್ಲೋ ಒಂದು ಕಡೆ ಹೊಗೆ. ಆಮೇಲೆ ಹೂರಣ. ಬೆಲ್ಲವು ಕುಂಬಳವನ್ನು ಮುಚ್ಚಿರಲಿಲ್ಲ, ಕುಂಬಳದ ರುಚಿ ಕುಂಬಳಕ್ಕೇ ಇತ್ತು. ಹುರಿದ ಎಳ್ಳು ಹಲ್ಲಿಗೆ ಸಿಕ್ಕಿತು. ನುಂಗಿದ ಮೇಲೆ ಗಂಟಲಲ್ಲಿ ಒಣಶುಂಠಿ ಚುರುಕ್ ಎಂದಿತು. ನಾಲ್ಕನೆಯ ತುತ್ತಿಗೆ ನನ್ನ ಬಾಯಿ ತನ್ನಷ್ಟಕ್ಕೆ ನಿಧಾನವಾಯಿತು. ಪಕ್ಕದಲ್ಲಿ ದ್ರಾಕ್ಷಾಯಣಿ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಕುಪ್ಪಸ ತರುವುದನ್ನು ಮರೆತು ಮನೆಗೆ ಬಂದೆ.

ಆಮೇಲೆ ಪ್ರತಿ ಗುರುವಾರ. ತಟ್ಟೆಗಡುಬು ಗುರುವಾರವೇ. ಕೆಲವು ದಿನ ಬೆಳಿಗ್ಗೆ ಕಾಯಿಪಲ್ಯ ಹೆಚ್ಚುವಾಗ ವಾರ ಎಣಿಸುತ್ತಿದ್ದೆ. ಇವರಿಗೆ ಹೇಳಿದೆ. ‘ಹೋಗಿ ಬಾ’ ಅಂದರು. ಅದೂ ಅದೇ ದನಿ.

ಶ್ರಾವಣದ ಒಂದು ಗುರುವಾರ ಖಾನಾವಳಿ ಕಿಕ್ಕಿರಿದಿತ್ತು. ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ನಾನು ಬಾಗಿಲಿಗೆ ಹತ್ತಿರ ಕೂತಿದ್ದರಿಂದ ಎದ್ದು ನೋಡಿದೆ. ಸಿದ್ದಕ್ಕ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಮುಂದೆ ಹಾಳೆ ಮುಚ್ಚಿದ ತಟ್ಟೆ, ಅಂಚು ಮಡಿಸುವುದು ಬಾಕಿ.

‘ಕೈ ಹಿಡಕೊಂಡೇತಿ. ನೀ ಮಡಚತೀಯೇನ?’ ಅಂದಳು. ಪರಿಚಯ, ಉಪಚಾರ ಏನೂ ಇಲ್ಲ.

ಕೈ ತೊಳೆದು ಕೂತೆ. ಹೆಬ್ಬೆರಳು ಒತ್ತಿ, ತೋರುಬೆರಳಿನಿಂದ ಒಳಗೆ ಎಳೆದು, ಮತ್ತೆ ಒತ್ತಿ. ಕರ್ಜಿಕಾಯಿ ಮಾಡಿದ ಕೈ, ಅಷ್ಟೇನೂ ಕಷ್ಟವಾಗಲಿಲ್ಲ. ಸುತ್ತು ಮುಗಿಸಿದಾಗ ಸಿದ್ದಕ್ಕ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ‘ಉಗುರಿನ ಗುರುತು ಬಿದ್ದಾವ’ ಅಂದಳು.

ಆ ತಟ್ಟೆಯದೇ ಒಂದು ತುಂಡು ನನಗೆ ಬಂತು. ಬಾಯಿಗಿಟ್ಟರೆ ಅಂಚಿಗೆ ರುಚಿಯೇ ಇಲ್ಲ, ಬಿಸಿ ರಟ್ಟು ಕಡಿದ ಹಾಗೆ. ಗಾಬರಿಯಾಗಿ ಹೂರಣಕ್ಕೆ ನಾಲಿಗೆ ತಾಗಿಸಿದೆ. ಅದು ಇತ್ತು. ಹೆಚ್ಚಿ ಕೊಟ್ಟರೆ ಅಡುಗೆ ಮಾಡಿದ ಹಾಗಾಯಿತೇ, ಒಲೆ ಊದಿದರೆ ಆಯಿತೇ ಎಂದು ನಮ್ಮ ಊರಿನಲ್ಲಿ ಹಿಂದಿನಿಂದಲೂ ತಕರಾರಿದೆ, ಗಂಡಸರು ಕಟ್ಟೆಯ ಮೇಲೆ ಕೂತು ತಾಸುಗಟ್ಟಲೆ ವಾದ ಮಾಡುತ್ತಾರೆ. ಅಂಚು ಮಡಿಸಿದರೆ ಅಂಚಿನಷ್ಟು ಹೋಗುತ್ತದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಕಾಶೀಬಾಯಿಯಿಂದ ನನ್ನ ಹೆಸರು ಕೇಳಿಕೊಂಡಿರಬೇಕು, ಒಳಗಿನಿಂದ ಸಿದ್ದಕ್ಕ ಕೂಗಿದಳು. ‘ಹೆಂಗೈತಿ ನೀಲವ್ವಾ? ಹೂರಣ ನಂದು, ಅಂಚು ನಿಂದು!’

‘ಅಂಚು ನಿಮ್ಮ ಪಾಲಿಗಿರಲಿ, ನನಗ ಬ್ಯಾಡ್ರಿ ಅಕ್ಕಾ’ ಅಂದೆ. ಎಲ್ಲರೂ ನಕ್ಕರು. ಇನ್ನು ಮುಂದೆ ಸಿದ್ದಕ್ಕ ಮಡಿಸಿದ ಅಂಚೂ ಹೀಗೆಯೇ ಆದರೆ ಎಂದು ನನಗೆ ಒಳಗೊಳಗೆ ಹೆದರಿಕೆಯಾಗಿತ್ತು. ಮುಂದಿನ ಗುರುವಾರ ಅಂಚಿನ ರುಚಿ ಮತ್ತೆ ಸಿಗುವವರೆಗೆ ಹಾಗೆಯೇ ಇತ್ತು.

ಆ ಮುಂದಿನ ಗುರುವಾರ ಸಿದ್ದಕ್ಕ ತಾನೇ ಹೊರಗೆ ಬಂದಳು. ಮಣಿಕಟ್ಟಿನ ಬಟ್ಟೆ ಹಾಗೇ ಇತ್ತು. ಬೆಂಚಿನ ತುದಿಗೆ ಕೂತು, ‘ಅನ್ನ, ಸಾರು ಹೆಂಗರ ಮಾಡತೀನಿ. ಹಿಟ್ಟು ನಾದಾಕ ಆಗವಲ್ದು, ಹೂರಣ ತಿರುವಾಕ ಆಗವಲ್ದು. ದಸರಾತನಕ ನೋವು ತಿಂದು ಮಾಡತೀನಿ, ಆಮ್ಯಾಲ ತಟ್ಟೆಗಡುಬು ಇರಂಗಿಲ್ಲ. ಯಾರರ ಕಲಿಯೂರು ಇದ್ರ ಕಲಿಸತೀನಿ’ ಅಂದಳು.

ಯಾರೂ ತಲೆ ಎತ್ತಲಿಲ್ಲ. ಕಲಿತವಳು ಮತ್ತೆ ತಿನ್ನುವ ಹಾಗಿಲ್ಲ. ತಿನ್ನಬಹುದು, ಬಿಸಿ ರಟ್ಟನ್ನು. ನಾವೆಲ್ಲ ಅಲ್ಲಿಗೆ ಬರುತ್ತಿದ್ದದ್ದೇ ನಾಲಿಗೆಗಾಗಿ.

ದ್ರಾಕ್ಷಾಯಣಿ ಮೊದಲು ಬಾಯಿಬಿಟ್ಟಳು. ‘ಅಕ್ಕಾ, ಸಿಟ್ಟಾಗಬ್ಯಾಡ್ರಿ. ವಾರಕ್ಕೊಮ್ಮೆ ನಾಲಿಗಿ ಜೀವಂತ ಐತೇನಂತ ನೋಡಾಕ ಬರತೀನಿ. ಅದನ್ನೂ ಕೊಟ್ಟು ಮನಿಗೆ ಹೋಗಲೇನು?’

‘ಕಾಶೀ ಕಲೀಲಿ’ ಎಂದರು ಯಾರೋ.

‘ನಾ ಕಲಿತ್ರ ನೋಡವ್ರು ಯಾರ? ನಿಮ್ಮಪ್ಪನೇನು?’ ಅಂದಳು ಕಾಶೀಬಾಯಿ. ಸಿದ್ದಕ್ಕನಿಗೆ ಹತ್ತೊಂಬತ್ತು ವರ್ಷದಿಂದ ಉಪ್ಪು ನೋಡುವವಳು ಅವಳೇ. ಇಡೀ ಖಾನಾವಳಿ ನಿಂತಿರುವುದೇ ಅವಳ ನಾಲಿಗೆಯ ಮೇಲೆ.

ಎಲ್ಲರೂ ಬೇರೆ ಯಾರಾದರೂ ಕಲಿಯಲಿ ಎಂದರು. ನಾನೂ ಅಂದೆ. ಯಾರೂ ಕಲಿಯದಿದ್ದರೆ ಎಲ್ಲರಿಗೂ ಹೋಗುತ್ತದೆ ಎಂಬುದು ಅಲ್ಲಿದ್ದ ಇಪ್ಪತ್ತು ಮಂದಿಗೂ ಗೊತ್ತಿತ್ತು. ಆದರೂ ಹಾಗೇ ಎದ್ದು, ಕೈ ತೊಳೆದು, ಹೋಗಿ ಬರತೀವಿ ಎಂದು ಹೊರಟೆವು.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಸಿದ್ದಕ್ಕ ಅಲ್ಲೇ ಕೂತಿದ್ದಳು. ಏನಾದರೂ ಹೇಳಬೇಕಲ್ಲ ಎಂದು, ‘ನೀವು ಇದನ್ನ ತಿಂದು ಎಷ್ಟು ವರ್ಷ ಆತ್ರೀ ಅಕ್ಕಾ?’ ಎಂದು ಕೇಳಿದೆ.

‘ಹದಿನೈದು ಇತ್ತು ನನಗ. ಅವ್ವ ಮಾಡತಿದ್ಲು. ಒಂದಿನ ಕೈಗೆ ಹಿಟ್ಟು ಕೊಟ್ಟು ನಾದು ಅಂದ್ಲು, ನಾದಿದೆ. ಹಿಂದಿನ ವಾರ ತಿಂದದ್ದ ಕಡೀದು.’ ಅವಳು ಮಣಿಕಟ್ಟನ್ನು ನೀವಿಕೊಂಡಳು. ‘ಕಡೀದು ಅಂತ ಗೊತ್ತಿರಲಿಲ್ಲ ನೋಡು. ಆಟಕ್ಕ ಹೋಗೂ ಗಡಬಡಿ, ಗಬಗಬ ನುಂಗಿ ಓಡಿದೆ. ಗೊತ್ತಿದ್ರ ಸಾವಕಾಶ ತಿಂತಿದ್ದೆ.’ ಆಮೇಲೆ ನಕ್ಕಳು. ‘ಕಾಶಿ ನಮ್ಮವ್ವ ಮಾಡಿದ್ದನ್ನ ಉಂಡಾಕಿ ಅಲ್ಲ. ಬರೋಬ್ಬರಿ ಐತಿ ಅಂತಾಳ. ಅವ್ವ ಮಾಡಿದಂಗ ಐತೋ ಇಲ್ಲೋ ಹೇಳೂರು ಯಾರೂ ಇಲ್ಲ. ಇನ್ನೊಬ್ಬಾಕಿ ಮಾಡಿದ್ರ ನಾನ ತಿಂದು ಹೇಳತಿದ್ದೆ.’

ಅದನ್ನು ಅವಳು ಬೇಡುವ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನನಗೆ ಮರೆಯುವುದು ಸುಲಭವಾಗುತ್ತಿತ್ತು. ನಾನು ಹೊರಟು ನಿಂತಾಗ, ‘ನಿನ್ನ ಅಂಚು ಛಲೋ ಇತ್ತು. ಉಳಿದ ಏಳು ಮಂದಿ ತಿಂದ್ರು, ಒಬ್ಬರೂ ಬಿಡಲಿಲ್ಲ. ಕಲಿಯೂ ಮನಸಿದ್ರ ಉಗುರು ತಗದು ಬಾ. ಇಲ್ಲಂದ್ರ ಹಂಗ ಬಾ, ತಿಂದು ಹೋಗು’ ಅಂದಳು.

ಆ ದಿನ ಒಂದು ತುಂಡು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದೆ, ಇವರಿಗೆ. ಯಾಕೆ ತಂದೆನೋ. ಇನ್ನು ಸಿಗುವುದಿಲ್ಲವಲ್ಲ, ಇವರೂ ಒಮ್ಮೆ ತಿನ್ನಲಿ ಎಂದಿರಬೇಕು. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದವರ ಮುಂದೆ ತಟ್ಟೆಯಲ್ಲಿಟ್ಟೆ. ಎದುರಿಗೇ ಕೂತೆ. ಅಂಚು ಮುರಿದರು, ಹೂರಣ ತಿಂದರು, ಎಳ್ಳು ಅಗಿದರು. ಒಣಶುಂಠಿ ಗಂಟಲಿಗೆ ತಾಗುವ ಹೊತ್ತು ನನಗೆ ಗೊತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅವರ ಮುಖ ನೋಡಿದೆ.

‘ನಡೀತೈತಿ’ ಅಂದರು.

ನಾನು ಕೇಳಿದೆ. ‘ನಡೀತೈತಿ ಅಂದ್ರ ಏನ್ರೀ?’

‘ನಡೀತೈತಿ ಅಂದ್ರ ನಡೀತೈತಿ. ಛಲೋ ಐತಿ.’

‘ಮುಂಜಾನೆ ಸಾರಿಗೂ ನಡೀತೈತಿ ಅಂದ್ರಿ.’

‘ಅದೂ ನಡೀತಿತ್ತು’ ಎಂದು ಅವರು ಬೆರಳು ನೆಕ್ಕಿದರು. ‘ಯಾಕ, ಏನಾತು?’

‘ಏನಿಲ್ಲ’ ಅಂದೆ. ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ತೊಳೆದೆ. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ. ಇಪ್ಪತ್ತೊಂದು ವರ್ಷ ಒಂದು ಗಡಿಯಾರ ನೋಡಿ ಎದ್ದು ಮಲಗಿ, ಅದು ಎಂದೋ ನಿಂತದ್ದು ಎಂದು ಗೊತ್ತಾದರೆ ಹೀಗೆಯೇ ಆಗುತ್ತಿತ್ತೋ ಏನೋ. ಇವರ ಮೇಲೆ ಸಿಟ್ಟು ಬರಲಿಲ್ಲ. ಇವರಿಗೆ ಎಲ್ಲವೂ ನಡೆಯುತ್ತದೆ, ಅಷ್ಟೇ. ಆದರೆ ನನ್ನ ಅಡುಗೆ ಏನು, ಎಂಥದ್ದು ಎಂಬುದು ನನಗೆ ಗೊತ್ತೇ ಇಲ್ಲ ಎಂಬುದು ಅವತ್ತು ಗೊತ್ತಾಯಿತು. ಕೆಟ್ಟದ್ದಿರಬಹುದು, ಒಳ್ಳೆಯದಿರಬಹುದು. ಇಷ್ಟು ವರ್ಷ ದಿನಕ್ಕೆ ಎರಡು ಹೊತ್ತು ನಾನು ಏನು ಮಾಡಿದೆ?

ಮರುದಿನ ಬದನೆಕಾಯಿ ಪಲ್ಯ ಮಾಡಿದೆ. ಇವರಿಗೆ ತೋರಿಸಿದೆ, ಅದೇ ಮಾತು ಹೇಳಿದರು. ಇವರು ಡ್ಯೂಟಿಗೆ ಹೋದ ಮೇಲೆ ಉಳಿದದ್ದನ್ನು ಸಣ್ಣ ಡಬ್ಬಿಗೆ ಹಾಕಿ, ಸೆರಗಿನೊಳಗೆ ಇಟ್ಟುಕೊಂಡು ಖಾನಾವಳಿಗೆ ಹೋದೆ. ದರ್ಜಿ ಓಣಿಯಲ್ಲಿ ಗುರುತಿನವರು ಸಿಕ್ಕರು. ‘ಏನ ನೀಲಕ್ಕಾ, ಶುಕ್ರವಾರ ಈ ಕಡೆ?’ ಎಂದರು. ಕುಪ್ಪಸ ಎಂದು ಸುಳ್ಳು ಹೇಳಿದೆ. ಕದ್ದ ಮಾಲು ಒಯ್ಯುವವಳ ಹಾಗೆ ಗೋಡೆಯ ಪಕ್ಕ ಪಕ್ಕದಲ್ಲೇ ನಡೆದೆ.

ಶುಕ್ರವಾರ ಹೆಚ್ಚು ಜನ ಇರುವುದಿಲ್ಲ. ಕಾಶೀಬಾಯಿ ಬೆಂಚು ಒರೆಸುತ್ತಿದ್ದಳು. ಡಬ್ಬಿ ಮುಂದಿಟ್ಟೆ. ಅವಳು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು.

‘ಮನ್ಯಾಗ ನೋಡವ್ರು ಅದಾರಲ್ಲ?’

‘ಅದಾರ.’

ಕಾಶೀಬಾಯಿ ಒರೆಸುವ ಬಟ್ಟೆ ಕೆಳಗಿಟ್ಟಳು. ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಬಾಯಿ ಮುಕ್ಕಳಿಸಿದಳು. ಬೆರಳಿನಿಂದ ಒಂದು ಹೋಳು ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಅವಳ ಗಂಟಲನ್ನೇ ನೋಡುತ್ತ ನಿಂತೆ. ಮದುವೆಗೆ ಮುಂಚೆ ಪರೀಕ್ಷೆಯ ಫಲಿತಾಂಶ ನೋಡಲು ಶಾಲೆಯ ಗೋಡೆಯ ಮುಂದೆ ನಿಂತದ್ದು ಬಿಟ್ಟರೆ ಹಾಗೆ ನಿಂತದ್ದು ಅದೇ ಮೊದಲು.

‘ಉಪ್ಪು ಸರಿ ಐತಿ’ ಅಂದಳು. ‘ಹುಳಿ ಒಂದ ಕೂದಲೆಳಿ ಹೆಚ್ಚು. ಗುರೆಳ್ಳು ಹುರದದ್ದು ಬರೋಬ್ಬರಿ, ಇಷ್ಟು ಹದಾ ಸಿದ್ದಕ್ಕಗೂ ಸಿಗಂಗಿಲ್ಲ. ಕೇಳಿಸ್ತೇನ ಸಿದ್ದಕ್ಕಾ?’ ಒಳಗಿನಿಂದ ಸಿದ್ದಕ್ಕ, ‘ಕೇಳಿಸ್ತು, ಕೇಳಿಸ್ತು’ ಅಂದಳು. ಕಾಶೀಬಾಯಿ ಇನ್ನೊಂದು ಹೋಳು ತೆಗೆದುಕೊಂಡಳು. ‘ಖಾರ ಹಾಕೂ ಮುಂದ ಅಂಜೀದಿ. ಎಣ್ಣಿ ಬಿಡೂ ಮುಂದೂ ಅಂಜೀದಿ. ಬೈಸಿಕೊಳ್ಳಬಾರದು ಅಂತ ಮಾಡೀದ ಪಲ್ಯ ಇದು. ಕೈ ಛಲೋ ಐತಿ ನೀಲವ್ವಾ. ಅಂಜಿಕಿ ಹೆಚ್ಚಾಗೇತಿ.’

ಡಬ್ಬಿ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ. ‘ಬಿಡು. ರೊಟ್ಟಿ ಹಚ್ಚಿಕೊಂಡು ತಿಂತೀನಿ’ ಅಂದಳು.

ಮನೆಗೆ ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಇವರ ದನಿ ಕೇಳುತ್ತಿತ್ತು. ಒಂದರ ಹಿಂದೆ ಒಂದು ಊರು, ಒಂದೇ ದನಿ. ನಾನು ಗುರೆಳ್ಳಿನ ಬಗ್ಗೆ ಯೋಚಿಸುತ್ತ ನಡೆದೆ. ಅದನ್ನು ಹೇಗೆ ಹುರಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಚಟಪಟ ಸದ್ದು ಕಡಿಮೆಯಾಗುವುದನ್ನು ಕೇಳಿ ಇಳಿಸಿದ್ದೆ. ಹೌದು, ನಾನು ಕಿವಿಯಿಂದ ಹುರಿಯುತ್ತೇನೆ. ಇಷ್ಟು ವರ್ಷ ಅದು ನನಗೇ ಗೊತ್ತಿರಲಿಲ್ಲ.

ಆ ವಾರವಿಡೀ ಮನಸ್ಸು ಎರಡೂ ಕಡೆ ಎಳೆಯಿತು. ರೊಟ್ಟಿ ಬಡಿಯುವಾಗ ಒಂದು, ಪಾತ್ರೆ ತಿಕ್ಕುವಾಗ ಇನ್ನೊಂದು. ಇರುವ ಒಂದೇ ಒಂದು ರುಚಿ, ಅದನ್ನೂ ಕೈಯಾರೆ ಕೊಡಲೇ? ಕೊಡದಿದ್ದರೂ ದಸರಾ ಮುಗಿದ ಮೇಲೆ ಅದು ಇರುವುದಿಲ್ಲ. ಹಾಗಾದರೆ ಕೊಡುವುದೇನು? ಆದರೆ ದಸರಾಕ್ಕೆ ಇನ್ನೂ ಐದು ಗುರುವಾರಗಳಿದ್ದವು, ಐದು ತುಂಡು. ಐದು ಸಣ್ಣ ಸಂಖ್ಯೆಯಲ್ಲ. ಈ ಐದನ್ನು ತಿಂದು ಆಮೇಲೆ ಕಲಿಯುತ್ತೇನೆ ಎಂದರೆ ಅಷ್ಟರಲ್ಲಿ ಸಿದ್ದಕ್ಕನ ಕೈ ಪೂರ್ತಿ ಹೋಗಿರುತ್ತದೆ. ಹೂರಣದ ಹದ ಬಾಯಿಮಾತಿನಲ್ಲಿ ಬರುವಂಥದ್ದಲ್ಲ, ಕೈ ಹಿಡಿದು ತಿರುವಿಸಬೇಕು.

ಬುಧವಾರ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕೂತು ಉಗುರು ತೆಗೆಯುತ್ತಿದ್ದೆ. ಇವರು ಹಲ್ಲುಜ್ಜುತ್ತ ಬಂದು ನೋಡಿದರು. ‘ಏನ, ಇಷ್ಟು ಸಣ್ಣಗ?’

‘ಬೆಳೆದಿದ್ದವು’ ಅಂದೆ.

ಆ ದಿನ ಸಾರಿಗೆ ಒಂದು ಚಮಚ ಖಾರ ಜಾಸ್ತಿ ಹಾಕಿದೆ. ಬಟ್ಟಲು ಎತ್ತಿ ಕುಡಿದವರಿಗೆ ಕೆಮ್ಮು ಬಂತು. ಕಣ್ಣು ಒರೆಸಿಕೊಂಡು, ಬಟ್ಟಲಿನ ತಳ ನೋಡಿ, ಉಳಿದದ್ದನ್ನೂ ಕುಡಿದರು. ‘ನಡೀತೈತಿ’ ಅನ್ನಲು ಮರೆತು ಬೂಟು ಹಾಕಿಕೊಂಡು ಹೋದರು.

ಗುರುವಾರ ಮೂರು ಗಂಟೆಗೆ ಖಾನಾವಳಿಯಲ್ಲಿ ಎಂದಿನ ಜಾಗದಲ್ಲೇ ಕೂತೆ. ದ್ರಾಕ್ಷಾಯಣಿ ತನ್ನ ನಾದಿನಿಯ ಮಗಳ ನಿಶ್ಚಯದ ಕಥೆ ಶುರು ಮಾಡಿದಳು. ಕೈಗಳನ್ನು ತೊಡೆಯ ಮೇಲೆ, ಬೆಂಚಿನ ಮರೆಯಲ್ಲಿ ಇಟ್ಟುಕೊಂಡಿದ್ದೆ. ತುಂಡು ಬಂದಾಗ ಎಡಗೈಯಿಂದ ತಟ್ಟೆ ಹತ್ತಿರ ಎಳೆದುಕೊಂಡೆ. ಅಂಚನ್ನು ಒಂದೊಂದೇ ಮಡಿಕೆಯಾಗಿ ಮುರಿದು ತಿಂದೆ. ತುಪ್ಪ ಒಂದು ಸಲ, ಗೋದಿ ಒಂದು ಸಲ, ಹೊಗೆ ಒಂದು ಸಲ. ಹೂರಣವನ್ನು ಬೆರಳ ತುದಿಯಷ್ಟೇ ತೆಗೆದುಕೊಂಡು ನಾಲಿಗೆಯ ಮೇಲೆ ಇಟ್ಟುಕೊಂಡೇ ಇದ್ದೆ. ಎಳ್ಳಿನ ಕಾಳುಗಳನ್ನು ಎಣಿಸಿದ ಹಾಗೆ ಅಗಿದೆ. ಸುತ್ತಲಿನವರು ತಿಂದು, ಕೈ ತೊಳೆದು, ಎದ್ದುಹೋಗಲು ಶುರು ಮಾಡಿದರು. ದ್ರಾಕ್ಷಾಯಣಿಯ ಕಥೆ ಮುಗಿದು ಅವಳೂ ಹೋದಳು. ಒಳಗೆ ಸಿದ್ದಕ್ಕ ಎಡಗೈಯಲ್ಲಿ ಪಾತ್ರೆ ಸರಿಸುವ ಸದ್ದು ಕೇಳುತ್ತಿತ್ತು.

ಕಾಶೀಬಾಯಿ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಬಂದು ನಿಂತಳು. ‘ಏನ ಯವ್ವಾ, ಇವತ್ತ ಇಷ್ಟ ಸಾವಕಾಶ?’

‘ಬಿಸಿ ಐತಿ’ ಅಂದೆ.

ಅದು ಆರಿ ಎಷ್ಟೋ ಹೊತ್ತಾಗಿತ್ತು.